ಗಿರಿಸರೋವರದ ಹಾದಿಯಲ್ಲಿ ಡಬ್ಬಿ ಹುಡುಕಾಟ: ದೆಹಲಿಯಿಂದ ಭೀಮತಾಲ್‌ವರೆಗೆ ಜಿಯೋಕ್ಯಾಶಿಂಗ್

ಮೇ ತಿಂಗಳು ಬಂತೆಂದರೆ ರಾಜಧಾನಿಯ ಕನ್ನಡಿಗರಲ್ಲಿ ಎರಡು ಪಂಗಡಗಳಾಗುತ್ತವೆ. ಊರಿಗೆ ಹೋಗಲು ರೈಲಿನ ಟಿಕೆಟ್ ಸಿಕ್ಕವರದು ಒಂದು ಪಂಗಡ, ಸಿಗದವರದು ಇನ್ನೊಂದು. ಈ ಎರಡನೆಯವರು ಬಿಸಿಲಿನಿಂದ ಪಾರಾಗಲು ಬೆಟ್ಟದ ದಾರಿ ಹಿಡಿಯುತ್ತಾರೆ. ಅವರಲ್ಲಿ ಬಹುಪಾಲು ಮಂದಿ ಹೋಗುವುದು ದೆಹಲಿಯಿಂದ ಸುಮಾರು 300 ಕಿಲೋಮೀಟರ್ ದೂರದ ನೈನಿತಾಲ್ ಕಡೆಗೆ. ಮಾಲ್ ರೋಡಿನಲ್ಲಿ ಒಂದು ಸುತ್ತು, ದೋಣಿಯಲ್ಲಿ ಒಂದು ಸುತ್ತು, ಒಂದಷ್ಟು ಫೋಟೋ, ಮತ್ತೆ ಅದೇ ವಾಹನಗಳ ಸಾಲಿನಲ್ಲಿ ಹಿಂದಿರುಗುವುದು. ಇಷ್ಟರಲ್ಲಿ ಪ್ರವಾಸ ಮುಗಿದಿರುತ್ತದೆ.

ಇದೇ ದಾರಿಯನ್ನು ಕಣ್ತೆರೆದು ನೋಡುವಂತೆ ಮಾಡುವ ಆಟವೊಂದಿದೆ. ಅದರ ಹೆಸರು ಜಿಯೋಕ್ಯಾಶಿಂಗ್. ಕೆಲವು ವರ್ಷಗಳಿಂದ ನಾವು ಮೂರು ಕುಟುಂಬಗಳು ಈ ಆಟವನ್ನು ಆಡುತ್ತ ಬಂದಿದ್ದೇವೆ, ತಪ್ಪುಗಳನ್ನೂ ಮಾಡಿದ್ದೇವೆ. ಆಟದ ಹುಟ್ಟು, ಅದರ ಹಿಂದಿನ ವಿಜ್ಞಾನ, ದೆಹಲಿಯಿಂದ ಕುಮಾವೂಂ ಕೆರೆಗಳವರೆಗಿನ ದಾರಿ, ಅಲ್ಲಿ ಪಾಲಿಸಬೇಕಾದ ಕಟ್ಟುಪಾಡುಗಳು, ಇವೆಲ್ಲವನ್ನೂ ಆಸಕ್ತ ಓದುಗರಿಗಾಗಿ ಇಲ್ಲಿ ಒಂದೆಡೆ ಸಂಗ್ರಹಿಸಿದ್ದೇವೆ.

ಏನಿದು ಜಿಯೋಕ್ಯಾಶಿಂಗ್?

ಮೊದಲಿಗೆ ಒಂದು ಗೊಂದಲ ನಿವಾರಿಸಬೇಕು. ಇಲ್ಲಿ ಕ್ಯಾಶ್ ಎಂದರೆ ದುಡ್ಡಲ್ಲ. ಫ್ರೆಂಚ್ ಮೂಲದ ಈ ಪದಕ್ಕೆ ಬಚ್ಚಿಟ್ಟ ವಸ್ತು ಅಥವಾ ಬಚ್ಚಿಡುವ ಜಾಗ ಎಂಬ ಅರ್ಥವಿದೆ. ಕನ್ನಡದಲ್ಲಿ ಬರೆದಾಗ ಎರಡೂ ಒಂದೇ ಆಗಿ ಕಾಣುವುದರಿಂದ ನಾವು ಈ ಲೇಖನದಲ್ಲಿ ಸರಳವಾಗಿ ‘ಡಬ್ಬಿ’ ಎಂದೇ ಕರೆಯುತ್ತೇವೆ.

ಒಬ್ಬರು ನೀರು ಹೋಗದ ಡಬ್ಬಿಯೊಂದರಲ್ಲಿ ಪುಟ್ಟ ಪುಸ್ತಕವನ್ನಿಟ್ಟು, ಅದನ್ನು ಬಯಲಿನ ಯಾವುದೋ ಮೂಲೆಯಲ್ಲಿ ಬಚ್ಚಿಡುತ್ತಾರೆ. ಆ ಸ್ಥಳದ ಅಕ್ಷಾಂಶ ಮತ್ತು ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುತ್ತಾರೆ. ಇತರರು ಜಿಪಿಎಸ್ ಸಾಧನ ಅಥವಾ ಮೊಬೈಲ್ ಫೋನಿನ ನೆರವಿನಿಂದ ಅಲ್ಲಿಗೆ ಹೋಗಿ, ಡಬ್ಬಿಯನ್ನು ಹುಡುಕಿ, ಪುಸ್ತಕದಲ್ಲಿ ಹೆಸರು ಮತ್ತು ದಿನಾಂಕ ಬರೆದು, ಇದ್ದಲ್ಲಿಯೇ ಮರಳಿ ಇಡುತ್ತಾರೆ. ಒಳಗೆ ಸಣ್ಣಪುಟ್ಟ ಆಟಿಕೆಗಳಿದ್ದರೆ ಒಂದನ್ನು ತೆಗೆದುಕೊಳ್ಳಬಹುದು. ಆದರೆ ಅಷ್ಟೇ ಬೆಲೆಯ ಅಥವಾ ಅದಕ್ಕಿಂತ ಮೇಲಾದ ಇನ್ನೊಂದನ್ನು ಇಡಬೇಕು. ಚನ್ನಪಟ್ಟಣದ ಪುಟ್ಟ ಬೊಂಬೆಯೊಂದು ಈ ಕೆಲಸಕ್ಕೆ ಬಹಳ ಚೆನ್ನಾಗಿ ಒದಗುತ್ತದೆ. ನಮ್ಮ ಕಣ್ಣಾಮುಚ್ಚಾಲೆಯೇ ಇದು. ಬಚ್ಚಿಟ್ಟುಕೊಳ್ಳುವವರ ಬದಲು ಇಲ್ಲಿ ಡಬ್ಬಿ ಬಚ್ಚಿಟ್ಟುಕೊಂಡಿರುತ್ತದೆ.

ಡಬ್ಬಿಗಳಲ್ಲಿ ಹಲವು ಬಗೆ. ಹೇಳಿದ ಜಾಗದಲ್ಲಿಯೇ ಸಿಗುವುದು ಸಾಮಾನ್ಯ ಬಗೆ. ಒಂದು ಜಾಗದಲ್ಲಿ ಇನ್ನೊಂದು ಜಾಗದ ಸುಳಿವು ಸಿಗುವುದು ಎರಡನೆಯ ಬಗೆ. ಒಗಟು ಬಿಡಿಸಿದ ಮೇಲಷ್ಟೇ ಸ್ಥಳ ತಿಳಿಯುವುದು ಮೂರನೆಯದು. ಡಬ್ಬಿಯೇ ಇಲ್ಲದ ಬಗೆಯೂ ಇದೆ. 2004ರಲ್ಲಿ ಆರಂಭವಾದ ‘ಅರ್ತ್‌ಕ್ಯಾಶ್’ನಲ್ಲಿ ಹುಡುಕಬೇಕಾದ್ದು ವಸ್ತುವನ್ನಲ್ಲ, ಭೂವಿಜ್ಞಾನದ ಪಾಠವೊಂದನ್ನು. ಸ್ಥಳಕ್ಕೆ ಹೋಗಿ ಬಂಡೆಯನ್ನೋ ಜಲಪಾತವನ್ನೋ ಗಮನಿಸಿ, ಕೇಳಿರುವ ಪ್ರಶ್ನೆಗಳಿಗೆ ಉತ್ತರ ಕಳುಹಿಸಿದರೆ ಆಯಿತು. ಪ್ರತಿ ಡಬ್ಬಿಗೂ ಹುಡುಕುವ ಕಷ್ಟಕ್ಕೆ ಒಂದು, ನಡೆಯುವ ದಾರಿಯ ಕಷ್ಟಕ್ಕೆ ಒಂದು ಎಂದು 1ರಿಂದ 5ರವರೆಗಿನ ಎರಡು ಅಂಕಗಳಿರುತ್ತವೆ. ಮಕ್ಕಳೊಡನೆ ಹೋಗುವವರು ಎರಡರಲ್ಲಿಯೂ 2ನ್ನು ದಾಟದಿರುವುದು ಒಳ್ಳೆಯದು.

ಆಟ ಹುಟ್ಟಿದ ಬಗೆ

ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ 1854ರಲ್ಲಿಯೇ ಇಂಥದೊಂದು ಹವ್ಯಾಸ ಮೊಳೆತಿತ್ತು. ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಕ ಕ್ರ್ಯಾನ್ಮೀರ್ ಎಂಬ ದುರ್ಗಮ ಕೊಳದ ಬಳಿ ಸೀಸೆಯೊಂದನ್ನಿಟ್ಟಿದ್ದ. ಅಲ್ಲಿಯವರೆಗೆ ನಡೆದುಹೋದವರು ಗುರುತಿಗಾಗಿ ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಬರುತ್ತಿದ್ದರು.

ಇಂದಿನ ರೂಪದ ಆಟಕ್ಕೆ ಖಚಿತವಾದ ಜನ್ಮದಿನವಿದೆ. ಅಮೆರಿಕದ ಸೇನೆ ನಡೆಸುವ ಜಿಪಿಎಸ್ ಉಪಗ್ರಹಗಳ ಸಂಕೇತದಲ್ಲಿ ನಾಗರಿಕರ ಬಳಕೆಗೆ ಬೇಕೆಂದೇ ದೋಷ ಬೆರೆಸಲಾಗುತ್ತಿತ್ತು. ಅದರಿಂದ ಸ್ಥಳನಿರ್ಣಯದಲ್ಲಿ ನೂರು ಮೀಟರಿನಷ್ಟು ವ್ಯತ್ಯಾಸ ಬರುತ್ತಿತ್ತು. ಈ ದೋಷವನ್ನು ನಿಲ್ಲಿಸುವುದಾಗಿ ಅಧ್ಯಕ್ಷ ಬಿಲ್ ಕ್ಲಿಂಟನ್ 2000ದ ಮೇ 1ರಂದು ಘೋಷಿಸಿದರು. ಅಂದು ಮಧ್ಯರಾತ್ರಿಯಿಂದಲೇ ಜಗತ್ತಿನ ಎಲ್ಲ ಜಿಪಿಎಸ್ ಸಾಧನಗಳೂ ಹಲವು ಪಟ್ಟು ನಿಖರವಾದವು. ಮೇ 3ರಂದು ಡೇವ್ ಉಲ್ಮರ್ ಎಂಬಾತ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಕಪ್ಪು ಬಕೆಟ್ಟೊಂದನ್ನು ಇಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಮೂರೇ ದಿನಗಳಲ್ಲಿ ಇಬ್ಬರು ಅದನ್ನು ಹುಡುಕಿದರು. ಅದೇ ತಿಂಗಳ ಕೊನೆಯಲ್ಲಿ ಮ್ಯಾಟ್ ಸ್ಟಮ್ ‘ಜಿಯೋಕ್ಯಾಶಿಂಗ್’ ಎಂಬ ಹೆಸರನ್ನು ಸೂಚಿಸಿದರು. ಸೆಪ್ಟೆಂಬರ್ 2ರಂದು ಜೆರೆಮಿ ಐರಿಶ್ ಇದಕ್ಕೆಂದೇ ಜಾಲತಾಣವನ್ನು ಆರಂಭಿಸಿದಾಗ ಅದರಲ್ಲಿದ್ದದ್ದು 75 ಡಬ್ಬಿಗಳು. ಇಂದು ಜಗತ್ತಿನಾದ್ಯಂತ 30 ಲಕ್ಷಕ್ಕೂ ಹೆಚ್ಚು ಇವೆ. ಯುರೋಪ್ ಮತ್ತು ಅಮೆರಿಕಗಳಿಗೆ ಹೋಲಿಸಿದರೆ ನಮ್ಮ ದೇಶದಲ್ಲಿ ಅವು ಬಹಳ ವಿರಳ. ಹೊರಡುವ ಮುನ್ನ ಆ್ಯಪ್‌ನಲ್ಲಿ ನೋಡಿಕೊಳ್ಳುವುದು ಅವಶ್ಯ.

ಆಕಾಶದ ಗಡಿಯಾರಗಳು

ಫೋನು ನಾವಿರುವ ಜಾಗವನ್ನು ಹೇಗೆ ತಿಳಿಯುತ್ತದೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರ ಸರಳವಾಗಿದೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಪ್ರತಿ ಉಪಗ್ರಹವೂ ‘ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು’ ಎಂದು ಬಿತ್ತರಿಸುತ್ತಲೇ ಇರುತ್ತದೆ. ಆ ಸಂಕೇತ ತಲುಪಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕುವುದು ಫೋನಿನ ಕೆಲಸ. ಉದ್ದ, ಅಗಲ, ಎತ್ತರ ಎಂಬ ಮೂರು ಅಳತೆಗಳಿಗೆ ಮೂರು, ಫೋನಿನ ಗಡಿಯಾರದ ತಪ್ಪನ್ನು ತಿದ್ದಲು ಒಂದು, ಹೀಗೆ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ ಬೆಳಕು ಸುಮಾರು 30 ಸೆಂಟಿಮೀಟರ್ ಚಲಿಸುತ್ತದೆ. ಗಡಿಯಾರದ ನಿಖರತೆಯೇ ಇಲ್ಲಿ ಸರ್ವಸ್ವ.

ಈ ವಿದ್ಯೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಭಾರತ ತನ್ನದೇ ಪಥದರ್ಶಕ ವ್ಯವಸ್ಥೆಯ ಮೊದಲ ಉಪಗ್ರಹವನ್ನು ಹಾರಿಸಿದ್ದು 2013ರ ಜುಲೈ 1ರಂದು. 2016ರಲ್ಲಿ ಈ ವ್ಯವಸ್ಥೆಗೆ ‘ನಾವಿಕ್’ ಎಂಬ ಹೆಸರು ಬಂತು. ಇದರ ಪಥದರ್ಶನ ಕೇಂದ್ರವಿರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ. ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವಿರುವುದು ಹಾಸನದಲ್ಲಿ. ಮೊದಲ ಪೀಳಿಗೆಯ ಕೆಲವು ಉಪಗ್ರಹಗಳಲ್ಲಿ ವಿದೇಶದಿಂದ ತಂದ ಪರಮಾಣು ಗಡಿಯಾರಗಳು ಕೆಟ್ಟು ತೊಂದರೆಯಾಯಿತು. 2023ರ ಮೇ 29ರಂದು ಹಾರಿದ ಹೊಸ ಪೀಳಿಗೆಯ ಉಪಗ್ರಹದಲ್ಲಿ ಸ್ವದೇಶಿ ಪರಮಾಣು ಗಡಿಯಾರವನ್ನು ಅಳವಡಿಸಲಾಯಿತು.

ಬೆಟ್ಟದಲ್ಲಿ ಒಂದು ವಿಷಯ ನೆನಪಿರಲಿ. ಕಣಿವೆಯಲ್ಲಿ ಆಕಾಶ ಕಿರಿದಾಗಿ ಕಾಣುತ್ತದೆ. ಬಂಡೆಗೆ ತಾಗಿ ಬರುವ ಸಂಕೇತ ತಡವಾಗಿ ತಲುಪುತ್ತದೆ. ಓಕ್ ಮರಗಳ ದಟ್ಟ ನೆರಳೂ ಸಂಕೇತವನ್ನು ಕುಗ್ಗಿಸುತ್ತದೆ. ಬಯಲಿನಲ್ಲಿ ಐದಾರು ಮೀಟರಿನಷ್ಟಿರುವ ತಪ್ಪು ಇಲ್ಲಿ ಹಲವು ಪಟ್ಟು ಹೆಚ್ಚಬಹುದು. ಹಾಗಾಗಿ ಕೊನೆಯ ಇಪ್ಪತ್ತು ಹೆಜ್ಜೆಗಳಲ್ಲಿ ಫೋನನ್ನು ಜೇಬಿಗೆ ಹಾಕಿ ಕಣ್ಣನ್ನು ನಂಬಬೇಕು. ಆಟದ ನಿಜವಾದ ರುಚಿ ಇರುವುದೂ ಅಲ್ಲಿಯೇ.

ಸಂಖ್ಯೆಗಳನ್ನು ಓದುವ ಕ್ರಮ

ಮೊದಲ ವರ್ಷ ನಾವು ಮುಗ್ಗರಿಸಿದ್ದು ಇಲ್ಲಿ. ಒಂದೇ ಸ್ಥಳವನ್ನು ಮೂರು ರೀತಿಯಲ್ಲಿ ಬರೆಯಬಹುದು. ಉದಾಹರಣೆಗೆ ಭೀಮತಾಲ್ ಕೆರೆಯ ಆಸುಪಾಸಿನ ಒಂದು ಅಕ್ಷಾಂಶವನ್ನು ನೋಡೋಣ:

- ದಶಮಾಂಶ ಡಿಗ್ರಿಯಲ್ಲಿ: ಉತ್ತರ 29.34600°
- ಡಿಗ್ರಿ ಮತ್ತು ದಶಮಾಂಶ ಮಿನಿಟುಗಳಲ್ಲಿ: ಉತ್ತರ 29° 20.760′
- ಡಿಗ್ರಿ, ಮಿನಿಟು, ಸೆಕೆಂಡುಗಳಲ್ಲಿ: ಉತ್ತರ 29° 20′ 45.6″

ಜಿಯೋಕ್ಯಾಶಿಂಗ್‌ನಲ್ಲಿ ಬಳಸುವುದು ಎರಡನೆಯ ಕ್ರಮವನ್ನು. ನಾವು 29° 20.760′ ಎಂಬುದನ್ನು ಅವಸರದಲ್ಲಿ 29.20760 ಎಂದು ನಕ್ಷೆಗೆ ತುಂಬಿದೆವು. ಅಷ್ಟಕ್ಕೇ ಗುರುತು 15 ಕಿಲೋಮೀಟರ್ ದಕ್ಷಿಣಕ್ಕೆ ಸರಿದು, ಬೆಟ್ಟ ಇಳಿದು ತಪ್ಪಲಿನಲ್ಲಿ ಕುಳಿತಿತ್ತು. ಕೆರೆಯ ದಂಡೆಯಲ್ಲಿ ನಿಂತಿದ್ದ ನಮಗೆ ಫೋನು ವಾಪಸು ಹೋಗಿರೆಂದು ದಾರಿ ತೋರಿಸುತ್ತಿತ್ತು! ತಪ್ಪನ್ನು ಕಂಡುಹಿಡಿದದ್ದು ಏಳನೆಯ ತರಗತಿಯ ಹುಡುಗಿ. ಒಂದು ಡಿಗ್ರಿಗೆ ಅರವತ್ತು ಮಿನಿಟು ಎಂದು ಅವಳು ಶಾಲೆಯಲ್ಲಿ ಆಗಷ್ಟೇ ಕಲಿತಿದ್ದಳು. ಅಕ್ಷಾಂಶದ ಒಂದು ಮಿನಿಟು ನೆಲದ ಮೇಲೆ ಸುಮಾರು 1,850 ಮೀಟರ್. ಮಿನಿಟಿನ ಮೂರನೆಯ ದಶಮಾಂಶ ಸ್ಥಾನದ ಬೆಲೆ ಎರಡು ಮೀಟರಿಗಿಂತ ಕಡಿಮೆ. ಡಬ್ಬಿ ಹುಡುಕಲು ಅಷ್ಟು ಸಾಕು.

ದಾರಿಯ ವಿವರ

ದೆಹಲಿಯಿಂದ ಗಾಜಿಯಾಬಾದ್, ಹಾಪುಡ್ ದಾಟಿ ಹೋಗುವ ರಸ್ತೆ ಹಿಂದೆ 24ನೆಯ ರಾಷ್ಟ್ರೀಯ ಹೆದ್ದಾರಿಯಾಗಿತ್ತು. ಈಗ ಅದರ ಸಂಖ್ಯೆ 9. ಗಢಮುಕ್ತೇಶ್ವರದ ಬಳಿ ಗಂಗೆಯನ್ನು ದಾಟುತ್ತೇವೆ. ಗಜರೌಲಾ ಉಪಾಹಾರದ ನಿಲ್ದಾಣ. ಮುಂದೆ ಹಿತ್ತಾಳೆ ಪಾತ್ರೆಗಳಿಗೆ ಹೆಸರಾದ ಮುರಾದಾಬಾದ್, ರಜಾ ಗ್ರಂಥಾಲಯದಿಂದ ಪ್ರಸಿದ್ಧವಾದ ರಾಮ್‌ಪುರ. ಅಲ್ಲಿಂದ ರುದ್ರಪುರದ ಮೂಲಕ ಹಲ್ದ್ವಾನಿ, ಕಾಠಗೋದಾಮ್. ಹೆಸರೇ ಹೇಳುವಂತೆ ಅದು ಮರದ ದಿಮ್ಮಿಗಳ ಗೋದಾಮು. ರೈಲು ಹಳಿ ಕೊನೆಗೊಳ್ಳುವ ಊರು. ಮುಂದೆ ಬೆಟ್ಟ ಏಳುತ್ತದೆ.

ಕಾಠಗೋದಾಮಿನ ಮೇಲೆ ಸಿಗುವ ಮೊದಲ ಊರು ರಾಣಿಬಾಗ್. ಗೌಲಾ ನದಿಯ ದಂಡೆಯ ಈ ಊರಿನಲ್ಲಿ ಮಕರ ಸಂಕ್ರಾಂತಿಯಂದು ಜಾತ್ರೆ ನೆರೆಯುತ್ತದೆ. ಕನ್ನಡಿಗರು ಇಲ್ಲಿ ಒಂದು ಕ್ಷಣ ನಿಲ್ಲಲು ಇನ್ನೊಂದು ಕಾರಣವೂ ಇದೆ. 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸಲು ತೊಡಗಿದ ಎಚ್‌ಎಂಟಿ ಸಂಸ್ಥೆಯ ಕಾರ್ಖಾನೆಯೊಂದು ಇದೇ ರಾಣಿಬಾಗ್‌ನಲ್ಲಿತ್ತು. ಸಂಸ್ಥೆಯ ಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನ ಹೊರಬಿದ್ದದ್ದು 2016ರಲ್ಲಿ. ನಮ್ಮ ತಂದೆಯವರ ಮಣಿಕಟ್ಟಿನಲ್ಲಿದ್ದ ಗಡಿಯಾರದ ನೆನಪಿನಿಂದ ಆರಂಭಿಸಿ ಆಕಾಶದ ಪರಮಾಣು ಗಡಿಯಾರದವರೆಗೆ ಮಕ್ಕಳಿಗೆ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಈ ದಾರಿಯಲ್ಲಿ ಸಿಗದು.

ರಾಣಿಬಾಗ್‌ನಿಂದ ಮೇಲೆ ದಾರಿ ಕವಲೊಡೆಯುತ್ತದೆ. ಒಂದು ಜ್ಯೋಲಿಕೋಟ್ ಮೂಲಕ ನೈನಿತಾಲ್‌ಗೆ, ಇನ್ನೊಂದು ಭೀಮತಾಲ್‌ಗೆ. ನಮ್ಮ ಸಲಹೆ ಎರಡನೆಯದು. ಬೇಸಿಗೆಯ ವಾರಾಂತ್ಯಗಳಲ್ಲಿ ನೈನಿತಾಲ್ ದಾರಿಯಲ್ಲಿ ವಾಹನಗಳು ಗಂಟೆಗಟ್ಟಲೆ ನಿಲ್ಲುತ್ತವೆ. ಭವಾಲಿಯಾಚೆಯ ಕೈಂಚಿ ಧಾಮಕ್ಕೆ ಹೋಗುವವರ ಸಾಲೂ ಅದರೊಡನೆ ಸೇರುತ್ತದೆ.

ಮೂರು ಕೆರೆಗಳು

ಭೀಮತಾಲ್ ಸುಮಾರು 1,370 ಮೀಟರ್ ಎತ್ತರದಲ್ಲಿದೆ. ನಡುವೆ ಪುಟ್ಟ ದ್ವೀಪ. ಒಂದು ತುದಿಯಲ್ಲಿ 1883ರಲ್ಲಿ ಕಟ್ಟಿದ ಅಣೆಕಟ್ಟು. ಪಕ್ಕದಲ್ಲಿ ಭೀಮೇಶ್ವರ ಮಹಾದೇವ ದೇವಾಲಯ. ಇದನ್ನು 17ನೆಯ ಶತಮಾನದ ಕುಮಾವೂಂ ಅರಸ ಬಾಜ್ ಬಹಾದುರ್ ಚಂದ್ ಕಟ್ಟಿಸಿದನೆನ್ನುತ್ತಾರೆ. ಪಾಂಡವರ ಭೀಮನ ಹೆಸರು ಕೆರೆಗೆ ಅಂಟಿದೆ. ನಮ್ಮ ನಾಡಿನಲ್ಲಿ ಭೀಮನ ಹೆಜ್ಜೆ, ಭೀಮನ ಬಂಡೆ ಇಲ್ಲದ ಸೀಮೆ ಯಾವುದು! ಇಲ್ಲಿಯೂ ಅವನು ಬಂದುಹೋಗಿದ್ದಾನೆ.

ನೌಕುಚಿಯಾತಾಲ್ ಭೀಮತಾಲ್‌ನಿಂದ ಸುಮಾರು 4 ಕಿಲೋಮೀಟರ್. ಒಂಬತ್ತು ಮೂಲೆಗಳ ಕೆರೆ ಎಂದು ಹೆಸರಿನ ಅರ್ಥ. ಈ ಸೀಮೆಯ ಕೆರೆಗಳಲ್ಲಿ ಎಲ್ಲಕ್ಕಿಂತ ಆಳವಾದದ್ದು ಇದೇ. ಒಂಬತ್ತೂ ಮೂಲೆಗಳು ಒಂದೇ ಕಡೆಯಿಂದ ಕಾಣುವುದಿಲ್ಲ. ಕೆರೆಯ ಸುತ್ತ ನಡೆಯುತ್ತ ಒಂದೊಂದು ಮೂಲೆಯ ಅಕ್ಷಾಂಶ ರೇಖಾಂಶಗಳನ್ನು ಗುರುತಿಸಿಕೊಳ್ಳುವುದೇ ಮಕ್ಕಳಿಗೆ ಅರ್ಧ ದಿನದ ಆಟ. ಅದಕ್ಕೆ ಡಬ್ಬಿಯೇ ಬೇಡ.

ಸಾತ್‌ತಾಲ್ ಓಕ್ ಮತ್ತು ಪೈನ್ ಕಾಡಿನ ನಡುವೆ ಒಂದಕ್ಕೊಂದು ಸೇರಿದಂತಿರುವ ಕೆರೆಗಳ ಗುಂಪು. ಪಕ್ಷಿವೀಕ್ಷಕರಿಗೆ ಅಚ್ಚುಮೆಚ್ಚಿನ ತಾಣ. ಬೆಳಗಿನ ಹೊತ್ತು ಮಾತು ತಗ್ಗಿಸಿ ನಡೆದರೆ ಡಬ್ಬಿಗಿಂತ ದೊಡ್ಡ ಲಾಭ ಸಿಗುತ್ತದೆ.

ಬಚ್ಚಿಟ್ಟ ಕೆರೆಯ ಕಥೆ

ಪಕ್ಕದ ನೈನಿತಾಲ್ ಕೆರೆಯೇ ಒಂದು ಕಾಲದಲ್ಲಿ ಬಚ್ಚಿಟ್ಟ ನಿಧಿಯಂತಿತ್ತು. ಕುಮಾವೂಂ ಕಮಿಷನರ್ ಆಗಿದ್ದ ಟ್ರೇಲ್ 1823ರಲ್ಲಿಯೇ ಅದನ್ನು ನೋಡಿದ್ದನೆಂದು ಹೇಳುತ್ತಾರೆ. ಆ ಜಲ ಸ್ಥಳೀಯರಿಗೆ ಪವಿತ್ರವಾದದ್ದೆಂದು ತಿಳಿದು ಅವನು ಬಾಯಿ ಬಿಡಲಿಲ್ಲವಂತೆ. 1841ರಲ್ಲಿ ಶಾಹಜಹಾನ್‌ಪುರದ ಸಕ್ಕರೆ ವ್ಯಾಪಾರಿ ಬ್ಯಾರನ್ ಎಂಬಾತ ಅದನ್ನು ಹುಡುಕಿಕೊಂಡು ಬಂದ. ಅಂಥ ಕೆರೆಯನ್ನೇ ತಾನು ಕಾಣೆ ಎಂದು ದಾರಿ ತೋರುವವನು ವಾದಿಸಿದನಂತೆ. ಬ್ಯಾರನ್ ಅವನ ತಲೆಯ ಮೇಲೆ ಭಾರವಾದ ಕಲ್ಲೊಂದನ್ನು ಹೊರಿಸಿ, ನೈನಿತಾಲ್‌ನಲ್ಲಿ ಕಲ್ಲುಗಳಿಲ್ಲ, ಮನೆ ಕಟ್ಟಲು ಇದು ಬೇಕು, ಅಲ್ಲಿಯವರೆಗೆ ಹೊರು ಎಂದನಂತೆ. ಭಾರ ತಾಳದೆ ಆ ಬಡಪಾಯಿ, ಅಲ್ಲಿ ಬೇಕಾದಷ್ಟು ಕಲ್ಲುಗಳಿವೆ ಎಂದು ಬಾಯಿಬಿಟ್ಟನೆಂಬುದು ಪ್ರಚಲಿತ ಕಥೆ.

ಬ್ಯಾರನ್ ಪತ್ರಿಕೆಗೆ ಬರೆದ. ಕೆರೆಯ ಸುತ್ತ ಊರು ಎದ್ದಿತು. ನಾಲ್ವತ್ತು ವರ್ಷ ತುಂಬುವ ಮುನ್ನವೇ, 1880ರ ಸೆಪ್ಟೆಂಬರ್ 18ರಂದು, ಎಡೆಬಿಡದ ಮಳೆಯ ನಂತರ ಶೇರ್-ಕಾ-ಡಾಂಡಾ ಗುಡ್ಡದ ಮಗ್ಗುಲು ಕುಸಿದು 151 ಜನ ಸತ್ತರು. ನೈನಾದೇವಿ ಗುಡಿಯೂ ಮಣ್ಣಿನಡಿ ಹೋಯಿತು. ಇಂದು ಮಕ್ಕಳು ಕ್ರಿಕೆಟ್ ಆಡುವ ‘ಫ್ಲ್ಯಾಟ್ಸ್’ ಮೈದಾನ ರೂಪುಗೊಂಡದ್ದು ಆ ಕುಸಿತದ ಮಣ್ಣಿನಿಂದಲೇ. ಕೆರೆಯ ಉದ್ದಕ್ಕೂ ಭೂಸ್ತರಭಂಗ ಹಾದುಹೋಗಿದೆ. ಬಲಿಯಾನಾಲಾದ ಇಳಿಜಾರು ಇಂದಿಗೂ ಜರುಗುತ್ತಿದೆ.

ಗುಡ್ಡ ಕುಸಿಯಲು ಬ್ಯಾರನ್ನನೇ ಕಾರಣನೆಂದು ನಾವು ಹೇಳುತ್ತಿಲ್ಲ. ಆದರೆ ಒಂದು ಸ್ಥಳದ ಗುರುತನ್ನು ಜಗತ್ತಿಗೆ ಹೇಳುವುದು ಸಣ್ಣ ಕೆಲಸವಲ್ಲ ಎಂಬುದು ಈ ಕಥೆಯಿಂದ ಸ್ಪಷ್ಟವಾಗುತ್ತದೆ. ಟ್ರೇಲನ ಮೌನಕ್ಕೂ ಬ್ಯಾರನ್ನನ ಬರಹಕ್ಕೂ ನಡುವೆ ಇರುವ ಪ್ರಶ್ನೆಯನ್ನೇ ಇಂದು ನಕ್ಷೆಯ ಮೇಲೆ ಚುಕ್ಕೆ ಇಡುವ ಪ್ರತಿಯೊಬ್ಬರೂ ಎದುರಿಸಬೇಕಾಗಿದೆ. ಇಟ್ಟ ಚುಕ್ಕೆಯನ್ನು ಹಿಂದಕ್ಕೆ ಪಡೆಯಲಾಗದು. ಕರ್ನಾಟಕದ ಕುಮಾರಪರ್ವತದಲ್ಲಿ 2024ರ ಜನವರಿಯ ರಜಾದಿನಗಳಲ್ಲಿ ಚಾರಣಿಗರ ಜಾತ್ರೆಯೇ ನೆರೆದು, ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳನ್ನು ತಡೆಯಬೇಕಾಯಿತು. ಬಾಯಿಂದ ಬಾಯಿಗೆ ಹೋಗುತ್ತಿದ್ದ ದಾರಿ ಫೋನಿಂದ ಫೋನಿಗೆ ಹೋದುದರ ಫಲವಿದು.

ನಿಧಿ ಎಂಬ ಮಾತು

ಜಿಯೋಕ್ಯಾಶಿಂಗ್ ಅನ್ನು ನಿಧಿಶೋಧ ಎಂದು ಅನುವಾದಿಸುವುದುಂಟು. ನಮಗೆ ಈ ಪದ ಬಳಸಲು ಹಿಂಜರಿಕೆ. ನಿಧಿಯ ಆಸೆಗೆ ನಂದಿ ವಿಗ್ರಹಗಳನ್ನು ಒಡೆದವರ, ವೀರಗಲ್ಲುಗಳನ್ನು ಕಿತ್ತವರ ಸುದ್ದಿ ನಮ್ಮ ನಾಡಿನಲ್ಲಿ ಹೊಸದಲ್ಲ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನ ಗಡ್ಡೆಯಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ಧ್ವಂಸ ಮಾಡಿದ್ದು ಯಾರೂ ಮರೆಯುವಂಥದಲ್ಲ. ಜಿಯೋಕ್ಯಾಶಿಂಗ್ ಇದಕ್ಕೆ ನೇರ ವಿರುದ್ಧ. ಇಲ್ಲಿ ಸಿಗುವುದಕ್ಕೆ ಬೆಲೆಯಿಲ್ಲ, ನೆಲ ಅಗೆಯುವಂತಿಲ್ಲ, ಸಿಕ್ಕದ್ದನ್ನು ಇದ್ದಲ್ಲಿಯೇ ಇಡಬೇಕು.

ಹೋಲಿಸಬೇಕಾದರೆ ನಮ್ಮ ದಾನಶಾಸನಗಳಿಗೆ ಹೋಲಿಸಬಹುದು. ಮೂಡಲಿಗೆ ಹುಣಿಸೆಯ ಮರ, ತೆಂಕಲಿಗೆ ನೆಟ್ಟ ಕಲ್ಲು, ಪಡುವಲಿಗೆ ಕೆರೆಯ ಏರಿ ಎಂಬಂತೆ ನಾಲ್ಕು ದಿಕ್ಕಿನ ಎಲ್ಲೆಗಳನ್ನು ಹೇಳುವ ಶಾಸನಗಳು ಅಕ್ಷಾಂಶ ರೇಖಾಂಶಗಳಿಲ್ಲದ ಕಾಲದ ಸ್ಥಳನಿರ್ಣಯಗಳೇ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಕೈಗೊಂಡಿದೆ. ಬೇಲಿಯ ಮರೆಯಲ್ಲಿಯೋ ಚರಂಡಿಯ ಪಕ್ಕದಲ್ಲಿಯೋ ಬಿದ್ದ ಶಾಸನದ ಕಲ್ಲಿಗೆ ನಕ್ಷೆಯ ಮೇಲಿನ ಚುಕ್ಕೆ ರಕ್ಷಣೆಯಾಗಬಲ್ಲದು. ಗುರುತು ಹೇಳುವುದು ಯಾವಾಗಲೂ ಕೆಡುಕಲ್ಲ. ಆ ಜಾಗ ಬರುವ ಜನರನ್ನು ತಾಳಬಲ್ಲದೇ ಎಂದು ಮೊದಲು ಯೋಚಿಸಬೇಕು, ಅಷ್ಟೇ.

ನಮ್ಮ ಡಬ್ಬಿಯ ಗತಿ

ಈ ಮಾತನ್ನು ನಾವು ಅನುಭವದಿಂದಲೇ ಬರೆಯುತ್ತಿದ್ದೇವೆ. ಮೊದಲ ಪ್ರವಾಸದಲ್ಲಿ ಉತ್ಸಾಹ ಹೆಚ್ಚಾಗಿ, ಭೀಮತಾಲ್ ಮೇಲಿನ ಇಳಿಜಾರಿನಲ್ಲಿ ಕಲ್ಲಿನ ಸಂದಿಗೆ ಪ್ಲಾಸ್ಟಿಕ್ ಡಬ್ಬಿಯೊಂದನ್ನಿಟ್ಟು ಬಂದೆವು. ಯಾರನ್ನೂ ಕೇಳಲಿಲ್ಲ. ಮಕ್ಕಳ ಒತ್ತಾಯಕ್ಕೆ ಒಳಗೆ ಕೊಬ್ಬರಿ ಮಿಠಾಯಿಯ ಪೊಟ್ಟಣವನ್ನೂ ಇಟ್ಟಿದ್ದೆವು. ಮರುವರ್ಷ ಹೋದಾಗ ಡಬ್ಬಿ ಇರಲಿಲ್ಲ. ಪುಸ್ತಕದ ಹಾಳೆಗಳು ಪೊದೆಗಳಲ್ಲಿ ಅಂಟಿಕೊಂಡಿದ್ದವು. ಬಣ್ಣ ಮಾಸಿದ ಮುಚ್ಚಳ ಕೆಳಗೆ ಕೆರೆಯ ಅಂಚಿನಲ್ಲಿ ಬಿದ್ದಿತ್ತು. ಮಂಗಗಳ ಕೆಲಸವೆಂದು ಯಾರೋ ನಕ್ಕರು. ಆದರೆ ತಪ್ಪು ಮಂಗಗಳದಲ್ಲ, ನಮ್ಮದು. ಕೆರೆಯ ಮುಂದೆ ನಿಂತು ಮಕ್ಕಳಿಗೆ ಪರಿಸರದ ಪಾಠ ಹೇಳಿದ್ದವರು ನಾವೇ.

ನಂತರ ನಿಯಮಗಳನ್ನು ಓದಿದಾಗ ತಿಳಿಯಿತು: ಪ್ರವಾಸಕ್ಕೆ ಹೋದವರು, ಮತ್ತೆ ಮತ್ತೆ ಬಂದು ನೋಡಿಕೊಳ್ಳಲಾಗದ ಜಾಗದಲ್ಲಿ ಡಬ್ಬಿ ಇಡುವುದನ್ನು ಸಾಮಾನ್ಯವಾಗಿ ಒಪ್ಪುವುದೇ ಇಲ್ಲ. 300 ಕಿಲೋಮೀಟರ್ ದೂರದಲ್ಲಿ ವಾಸಿಸುವವರು ಬೆಟ್ಟದ ಡಬ್ಬಿಗೆ ಯಜಮಾನರಾಗಲಾರರು. ಅಂದಿನಿಂದ ನಾವು ನಾವಿಳಿದುಕೊಳ್ಳುವ ಮನೆಯ ಯಜಮಾನರ ಒಪ್ಪಿಗೆ ಪಡೆದು, ಅವರ ತೋಟದಲ್ಲಿಯೇ ಬೆಳಿಗ್ಗೆ ಡಬ್ಬಿಗಳನ್ನಿಟ್ಟು, ಸಂಜೆ ಎಣಿಸಿ ಹಿಂದಕ್ಕೆ ತೆಗೆಯುತ್ತೇವೆ. ಹೊರಗೆ ಆಡುವುದು ಅರ್ತ್‌ಕ್ಯಾಶ್ ಮಾದರಿಯ, ಡಬ್ಬಿಯಿಲ್ಲದ ಆಟವನ್ನು ಮಾತ್ರ. ಮಕ್ಕಳ ಸಂತೋಷಕ್ಕೆ ಏನೂ ಕೊರತೆಯಾಗಿಲ್ಲ.

ಕಟ್ಟುಪಾಡುಗಳು ಮತ್ತು ಕಾನೂನು

- ಡಬ್ಬಿಯನ್ನು ಹೂಳಬಾರದು. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್, ಅಂದರೆ ಮೈಲಿಯ ಹತ್ತನೆಯ ಒಂದು ಭಾಗದಷ್ಟು ಅಂತರವಿರಬೇಕು. ಜಾಗದ ಒಡೆಯರ ಒಪ್ಪಿಗೆ ಬೇಕೇ ಬೇಕು.
- ತಿನಿಸುಗಳನ್ನು ಇಡಬಾರದು. ಕೋಡುಬಳೆ ನಮ್ಮ ಹೊಟ್ಟೆಯಲ್ಲಿರಲಿ, ಡಬ್ಬಿಯಲ್ಲಿ ಬೇಡ.
- ಸಂರಕ್ಷಿತ ಸ್ಮಾರಕಗಳು, ಅಭಯಾರಣ್ಯಗಳು, ಸೇನಾ ಪ್ರದೇಶಗಳು, ವಿಮಾನ ನಿಲ್ದಾಣ, ಮೆಟ್ರೊ ನಿಲ್ದಾಣ, ಸೇತುವೆಗಳ ಹತ್ತಿರ ಡಬ್ಬಿ ಇಡುವ ಯೋಚನೆಯನ್ನೂ ಮಾಡಬಾರದು.
- ದೆಹಲಿಯಲ್ಲಿ ವಾರಸುದಾರರಿಲ್ಲದ ವಸ್ತು ಎಂದರೆ ಆಟವಲ್ಲ. 1985ರ ಮೇ ತಿಂಗಳಿನ ಟ್ರಾನ್ಸಿಸ್ಟರ್ ಬಾಂಬುಗಳನ್ನು, 2005 ಮತ್ತು 2008ರ ಸರಣಿ ಸ್ಫೋಟಗಳನ್ನು ಕಂಡ ನಗರವಿದು. ಪಾರ್ಕಿನ ಬೆಂಚಿನ ಕೆಳಗೆ ಮುಚ್ಚಿದ ಡಬ್ಬಿ ಕಂಡವರು ಪೊಲೀಸರನ್ನು ಕರೆಯುವುದೇ ಸರಿ. ಇಲ್ಲಿ ಡಬ್ಬಿಯಿಲ್ಲದ ಬಗೆಗಳನ್ನೇ ಆಡಬೇಕು.
- ವಿದೇಶದಲ್ಲಿರುವ ಮಕ್ಕಳು ಉಡುಗೊರೆಯಾಗಿ ತರುವ ಸಾಧನಗಳ ಬಗ್ಗೆ ಎಚ್ಚರವಿರಲಿ. ಸ್ಥಳ ತೋರಿಸುವ ಜಿಪಿಎಸ್ ಬೇರೆ, ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನ ಬೇರೆ. ಎರಡನೆಯದನ್ನೂ ಉಪಗ್ರಹ ಫೋನುಗಳನ್ನೂ ಅನುಮತಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣಗಳಲ್ಲಿ ಇದಕ್ಕಾಗಿ ಪ್ರವಾಸಿಗಳನ್ನು ತಡೆದು ಮೊಕದ್ದಮೆ ಹೂಡಿದ ಪ್ರಸಂಗಗಳಿವೆ.
- ಮುಂಜಾನೆಯ ಕತ್ತಲಲ್ಲಿ, ಮುಸ್ಸಂಜೆಯಲ್ಲಿ ಕಾಡಿನ ಅಂಚಿಗೆ ಹೋಗಬಾರದು. 2023ರ ಡಿಸೆಂಬರ್‌ನಲ್ಲಿ ಭೀಮತಾಲ್ ಸುತ್ತಲಿನ ಹಳ್ಳಿಗಳಲ್ಲಿ ಮಹಿಳೆಯರು ವನ್ಯಮೃಗದ ದಾಳಿಗೆ ಬಲಿಯಾದರು. ನಾವು ಆಟಕ್ಕೆ ಹೋಗುವ ಕಾಡಿಗೆ ಅವರು ಹೋಗುವುದು ಮೇವಿಗಾಗಿ, ಸೌದೆಗಾಗಿ.
- ಬೇಸಿಗೆಯಲ್ಲಿ ಬೆಂಕಿಯ ಕಿಡಿಯೂ ಬೇಡ. ಒಣಗಿದ ಪೈನ್ ಎಲೆಗಳು ಸೀಮೆಎಣ್ಣೆಯಂತೆ ಉರಿಯುತ್ತವೆ. 2024ರ ಏಪ್ರಿಲ್‌ನಲ್ಲಿ ನೈನಿತಾಲ್ ಸುತ್ತ ಕಾಡ್ಗಿಚ್ಚು ಹಬ್ಬಿದಾಗ ವಾಯುಪಡೆಯ ಹೆಲಿಕಾಪ್ಟರು ಇದೇ ಭೀಮತಾಲ್ ಕೆರೆಯಿಂದ ನೀರನ್ನು ಮೊಗೆದೊಯ್ದು ಸುರಿಯಿತು.

ಹೊರಡುವ ಮುನ್ನ

ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆ, ಭೂಕುಸಿತಗಳ ಕಾಲ; ಆಗ ಬೇಡ. ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಆಕಾಶ ತಿಳಿಯಾಗಿ, ಎತ್ತರದ ತಿರುವುಗಳಿಂದ ಹಿಮಶಿಖರಗಳೂ ಕಾಣುತ್ತವೆ. ದಸರೆಯ ರಜೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬೆಳಗಿನ 5 ಗಂಟೆಗೆ ದೆಹಲಿ ಬಿಟ್ಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಕೆರೆಯ ದಂಡೆಯಲ್ಲಿರಬಹುದು. ಕಣಿವೆಗಳಲ್ಲಿ ಫೋನಿನ ಜಾಲ ಸಿಗದಿರಬಹುದಾದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಜಾಲವಿಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಹೆಚ್ಚುವರಿ ಬ್ಯಾಟರಿ, ಪೆನ್ಸಿಲು, ಹಿಡಿತವಿರುವ ಬೂಟು, ತಿರುವುಗಳಲ್ಲಿ ವಾಂತಿ ತಡೆಯಲು ಶುಂಠಿ ಅಥವಾ ನಿಂಬೆಹಣ್ಣು, ಕಸ ಹೆಕ್ಕಲು ಒಂದು ಖಾಲಿ ಚೀಲ ಜೊತೆಯಲ್ಲಿರಲಿ. ದಾರಿಯ ಕಸವನ್ನು ಹೆಕ್ಕಿ ತರುವುದು ಈ ಆಟದ ಜಾಗತಿಕ ಸಂಪ್ರದಾಯಗಳಲ್ಲಿ ಒಂದು. ಎರಡು ದಿನಗಳ ಬಿಡುವಿಲ್ಲದವರು ಸೋಹ್ನಾ ಬಳಿಯ ದಮದಮಾ ಕೆರೆಯವರೆಗೆ ಹೋಗಿ, ಅರಾವಳಿಯ ಬಂಡೆಗಳ ನಡುವೆ ಸಂಖ್ಯೆ ಓದುವ ಅಭ್ಯಾಸ ಮಾಡಬಹುದು.

ನಮ್ಮ ಹಳೆಯ ಡಬ್ಬಿಯ ಆ ಮುಚ್ಚಳವನ್ನು ನಾವು ಎಸೆದಿಲ್ಲ. ಪ್ರತಿ ಪ್ರವಾಸದಲ್ಲಿಯೂ ಅದು ಕಾರಿನ ಮುಂಭಾಗದಲ್ಲಿರುತ್ತದೆ. ಹೊಸದಾಗಿ ಸೇರಿಕೊಂಡ ಮಕ್ಕಳು ಅದೇನೆಂದು ಕೇಳುತ್ತಾರೆ. ಕಾಠಗೋದಾಮ್ ದಾಟುವಷ್ಟರಲ್ಲಿ ಅವರಿಗೆ ಕಥೆ ಹೇಳಿ ಮುಗಿಸಿರುತ್ತೇವೆ. ಓದುಗರಲ್ಲಿ ಆಸಕ್ತರು ಮುಂದಿನ ರಜೆಯಲ್ಲಿ ಈ ದಾರಿ ಹಿಡಿಯಲಿ, ಕೆರೆಗಳನ್ನು ಮನಸಾರೆ ನೋಡಲಿ, ಇದ್ದದ್ದನ್ನು ಇದ್ದಂತೆಯೇ ಬಿಟ್ಟು ಬರಲಿ ಎಂದು ಹಾರೈಸುತ್ತೇವೆ. ಪ್ರಯಾಣ ಸುಖಕರವಾಗಲಿ.